ಮುನ್ನೂರು ಸಾಲಿಗೆ ನೀರು ಕುಡಿಸಿದ್ದು

ಅಕ್ಕಾ,

ಕೆಮ್ಮು ನಿಂತಿದೆ, ಔಷಧಿ ಕಳಿಸಬೇಡ. ಆದರೆ ದೊಡ್ಡ ತಪ್ಪೊಂದನ್ನು ಮಾಡಿಕೊಂಡು ಕೂತಿದ್ದೇನೆ.

ನಾನು ಕೆಲಸಕ್ಕಿರುವ ತಳಿ ಕೇಂದ್ರದ ಹೊಲದಲ್ಲಿ ಮುನ್ನೂರು ಬಗೆಯ ಜೋಳವಿದೆ, ಒಂದೊಂದು ಸಾಲಿಗೆ ಒಂದೊಂದು ತಳಿ. ಎಲ್ಲದರ ಎಲೆ ಚಿವುಟಿ ಒಯ್ದು ವಂಶವಾಹಿಗಳನ್ನು ಓದಿಟ್ಟಿದ್ದಾರೆ. ಪಕ್ಕದ ಹೊಲಕ್ಕೆ ದಿನವೂ ನೀರು, ಇದಕ್ಕೆ ತಿಂಗಳಿನಿಂದ ಹನಿಯೂ ಇಲ್ಲ. ಒಬ್ಬರಿಗೆ ಹೊಟ್ಟೆ ತುಂಬ, ಇನ್ನೊಬ್ಬರಿಗೆ ಉಪವಾಸ! ನಾನು ಓದುವ ಸಮಾನತೆಯ ಕರಪತ್ರಗಳು ನಿನಗೆ ಗೊತ್ತಲ್ಲ. ಭಾನುವಾರ ಯಾರೂ ಇಲ್ಲದಾಗ ಪೈಪು ಎಳೆದು ಎಲ್ಲಕ್ಕೂ ಕುಡಿಸಿಬಿಟ್ಟೆ.

ಸೋಮವಾರ ವಿಜ್ಞಾನಿ ಮೇಡಂ ಒದ್ದೆ ಮಣ್ಣನ್ನು ಮುಟ್ಟಿ ನೋಡಿದರು. "ನೀರಿಲ್ಲದೆ ಯಾವುದು ತಡ್ಕೊಳ್ಳುತ್ತೆ, ಯಾವುದು ಬಾಡುತ್ತೆ ಅಂತ ಈ ವಾರ ಅಳೀಬೇಕಿತ್ತಪ್ಪ. ಅದನ್ನ ವಂಶವಾಹಿ ಜೊತೆ ತಾಳೆ ಹಾಕಿದ್ರೇನೆ ಬರ ತಾಳೋ ತಳಿ ಕಟ್ಟೋದಕ್ಕೆ ದಾರಿ. ಒಂದು ವರ್ಷ ಹೋಯ್ತು," ಅಂದರು. ಬೈದಿದ್ದರೆ ವಾದಕ್ಕೆ ನಿಲ್ಲುತ್ತಿದ್ದೆ. ಬೈಯಲಿಲ್ಲ.

"ಸಮಪಾಲು ಹಂಚಿದ ಮಹಾರಾಯರು ಬಂದ್ರು," ಅಂತ ಕಾವಲುಗಾರ ಛೇಡಿಸುತ್ತಾನೆ.

ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಇನ್ನು ಅಳತೆಗೆ ಬಾರದ ಆ ಸಾಲುಗಳನ್ನು ಕೀಳುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ, ನಾಳೆ ಶುರು. ಬಾಡಿದ್ದವೂ ಈಗ ತಲೆಯೆತ್ತಿ ನಿಂತಿವೆ, ಅಕ್ಕಾ.

ನಿನ್ನ ತಮ್ಮ