ಡಿಸ್ಕಿಗೆ ತಲುಪದ ರಕ್ತದ ಗುಂಪು

೧೪ ಮಾರ್ಚ್ ೧೯೯೧, ಗುರುವಾರ

ಆಸ್ಪತ್ರೆಯ ಯುನಿಕ್ಸ್ ಕಂಪ್ಯೂಟರಿಗೆ ಸ್ವಂತ ಮೆಮೊರಿಯಿರುವ ಡಿಸ್ಕ್ ಕಂಟ್ರೋಲರ್ ಕಾರ್ಡು ಬೇಕೆಂದು ಹಟ ಹಿಡಿದವನು ನಾನೇ. ಒಬ್ಬನೇ ಕೂತು ಪರೀಕ್ಷಿಸಿದಾಗ ವೇಗ ಎರಡು ಪಟ್ಟಾಗಿತ್ತು.

ಮಧ್ಯಾಹ್ನ ಕರೆಂಟು ಹೋಗಿ ಬಂತು. ಯಂತ್ರ ಮತ್ತೆ ಶುರುವಾದ ಕೂಡಲೇ ರಕ್ತನಿಧಿಯ ನರ್ಸಕ್ಕ ಓಡಿಬಂದರು.

"ಹೆರಿಗೆ ಆಪರೇಷನ್ನಿನವಳ ರಕ್ತದ ಗುಂಪು ತಪ್ಪಾಗಿತ್ತು, ಕರೆಂಟು ಹೋಗೋ ಮುಂಚೆ ತಾನೇ ತಿದ್ದಿದ್ದೆ. ಉಳಿಸಲಾಗಿದೆ ಅಂತ ಪರದೆ ಮೇಲೆ ಬಂತಲ್ಲಪ್ಪಾ! ಈಗ ನೋಡಿದ್ರೆ ಹಳೇ ತಪ್ಪೇ ಇದೆ!"

ಆಪರೇಷನ್ ಕೋಣೆಗೆ ಹೊರಟಿದ್ದ ತಪ್ಪು ಗುಂಪಿನ ರಕ್ತದ ಚೀಲವನ್ನು ಅವರೇ ಬಾಗಿಲಲ್ಲಿ ತಡೆದಿದ್ದರು.

ಉಳಿಸಲಾಗಿದೆ ಎಂದದ್ದು ಡಿಸ್ಕಲ್ಲ, ನನ್ನ ಕಾರ್ಡು. ತಿದ್ದಿದ್ದನ್ನು ಅದು ತನ್ನ ಮೆಮೊರಿಯಲ್ಲೇ ಇಟ್ಟುಕೊಂಡಿತ್ತು. ಕರೆಂಟಿನ ಜೊತೆ ಅದೂ ಹೋಯಿತು.

ಕಾರ್ಡು ಕಿತ್ತು ಹಳೆಯದನ್ನು ಹಾಕಿದೆ. ದೊಡ್ಡ ಡಾಕ್ಟರಿಗೆ ಎಲ್ಲ ಹೇಳಿದೆ.

"ಮತ್ತೆ ವೇಗಕ್ಕೇನ್ರೀ ಮಾಡೋದು?" ಎಂದರು. ಅಳೆದು ಹೇಳುತ್ತೇನೆ ಎಂದೆ.

ಸಂಜೆ ಮೂವತ್ತೆರಡು ಟರ್ಮಿನಲ್‌ಗಳಲ್ಲೂ ಜನ ಕೂತಿದ್ದಾಗ ಅಳೆದೆ. ಕಾರ್ಡು ಇದ್ದಾಗಿನಷ್ಟೇ ವೇಗ! ಪದೇ ಪದೇ ಬೇಕಾಗುವುದನ್ನು ಯುನಿಕ್ಸ್ ತಾನೇ ಮುಖ್ಯ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಕಾರ್ಡು ಮಾಡುತ್ತಿದ್ದುದು ಆಗಲೇ ಆದ ಕೆಲಸವನ್ನೇ ಮತ್ತೊಮ್ಮೆ. ಇದನ್ನು ತರಿಸುವ ಮೊದಲೇ ಹೀಗೆ ಅಳೆಯಬಹುದಿತ್ತು. ಅಳೆಯಲಿಲ್ಲ.

"ನಿಧಾನ ಆಯ್ತಾ ಅಕ್ಕಾ?" ಎಂದು ನರ್ಸಕ್ಕನನ್ನು ಕೇಳಿದೆ.

"ಇಲ್ವಲ್ಲ. ಯಾಕೆ, ಏನಾದ್ರೂ ಬದಲಾಯಿಸಿದ್ರಾ?"

ತಾಯಿ, ಮಗು ಇಬ್ಬರೂ ಕ್ಷೇಮ. ಹೊರಡುವಾಗ ಆಕೆಯ ಗಂಡ ಮೆಟ್ಟಿಲಲ್ಲಿ ಎದುರಾದ. ನನ್ನ ಕೊರಳಿನ ಆಸ್ಪತ್ರೆಯ ಗುರುತಿನ ಚೀಟಿ ನೋಡಿ ಎರಡೂ ಕೈ ಹಿಡಿದುಕೊಂಡ. "ನೀವೆಲ್ಲ ಇದ್ರಿ, ಬದುಕಿದ್ಲು ಸಾರ್" ಎಂದ. ನನ್ನ ಕಾರ್ಡಿನಿಂದ ಏನಾಗಲಿತ್ತೆಂದು ಹೇಳಿಬಿಡಬೇಕಿತ್ತು. ಅವನು ನಗುತ್ತಿದ್ದ, ನಾನೂ ನಕ್ಕುಬಿಟ್ಟೆ.