ಎಂಬತ್ತು ನಾಣ್ಯ

ಗ್ರಾಹಕ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ. ನಿಮ್ಮ ಆನ್‌ಲೈನ್ ದೋಣಿ ಆಟಕ್ಕೆ ತಿಂಗಳ ಚಂದಾ ನೂರಿಪ್ಪತ್ತು ನಾಣ್ಯ. ಆದರೆ ನೀವು ನಾಣ್ಯ ಮಾರುವುದು ನೂರರ ಕಟ್ಟಿನಲ್ಲಿ ಮಾತ್ರ. ಹಣ ಮೊದಲೇ ಕೊಟ್ಟವರ ಬಳಿ ಮುಂದಿನ ತಿಂಗಳಿಗೂ ಸಾಲದ, ವಾಪಸ್ಸೂ ಸಿಗದ ಚಿಲ್ಲರೆ ಉಳಿಯುತ್ತದೆ. ಇದು ನ್ಯಾಯವೇ ಎಂದು ಕೇಳಲು ಈ ಕಾಗದ ಶುರುಮಾಡಿದೆ.

ನಮ್ಮ ಯಜಮಾನರು ದೂರದಲ್ಲಿ ಸೇತುವೆ ಕಟ್ಟುವ ಕಡೆ ಕ್ರೇನ್ ಓಡಿಸುತ್ತಾರೆ. ಮಗು ಹುಟ್ಟಿದ ಮೇಲೆ ನಾವು ದಿನಾ ನಿಮ್ಮ ಆಟದಲ್ಲೇ ಸಿಗುತ್ತಿದ್ದೆವು. "ಮತ್ತೆ ಬಂಡೆಗೆ ಗುದ್ದಿದ್ಯಾ ಮಹಾರಾಯ್ತಿ? ಮಗೂನ ತೊಡೆ ಮೇಲಿಟ್ಕೊಂಡು ದೋಣಿ ಓಡಿಸಿದ್ರೆ ಇನ್ನೇನಾಗುತ್ತೆ?" ಎಂದು ನಗುತ್ತಿದ್ದರು. ಫೋನಿನಲ್ಲಿ ಅವರಿಗೆ ಅಷ್ಟು ಮಾತು ಬರುವುದಿಲ್ಲ.

ಹೋದ ತಿಂಗಳಿಂದ ಅವರು ಆಟಕ್ಕೆ ಬಂದಿಲ್ಲ. ಕೇಳಿದರೆ, "ನಲವತ್ತೇ ನಾಣ್ಯ ಉಳಿದಿರೋದು ಕಣೆ, ಚಂದಾ ನಿಂತೋಯ್ತು" ಎಂದರು. ಇನ್ನೊಂದು ಕಟ್ಟು ಕೊಳ್ಳಿ ಎಂದರೆ ಮಾತು ಬದಲಿಸುತ್ತಾರೆ. ಮಗುವಿನ ಹೊಟ್ಟೆನೋವಿಗಿಂತ ಇದೇ ನನ್ನ ನಿದ್ದೆ ಕೆಡಿಸಿದೆ.

ಚಂದಾ ತಾನಾಗಿ ನಿಂತಿತೋ, ಅವರೇ ನಿಲ್ಲಿಸಿದರೋ ಎಂದು ನಿಮ್ಮ ಸಹಾಯವಾಣಿಯವರನ್ನು ಕೇಳಿದೆ. "ಬೇರೆಯವರ ಖಾತೆ ವಿಷಯ ಹೇಳೋ ಹಾಗಿಲ್ಲ ಮೇಡಂ" ಎಂದರು. ಅದೂ ಸರಿಯೇ.

ನನ್ನ ಖಾತೆಯಲ್ಲಿ ಎಂಬತ್ತು ನಾಣ್ಯ ಸುಮ್ಮನೆ ಬಿದ್ದಿವೆ. ಒಬ್ಬರ ನಾಣ್ಯ ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂಬ ನಿಯಮವನ್ನು ಒಂದು ಸಲ ಸಡಿಲಿಸಿ ಅವನ್ನು ಅವರ ಖಾತೆಗೆ ಹಾಕಿಕೊಡಿ, ಚಂದಾಗೆ ಸರಿಹೋಗುತ್ತದೆ. ಚಂದಾ ಅವರೇ ನಿಲ್ಲಿಸಿದ್ದರೆ, ಹಾಕಿದ ನಾಣ್ಯ ನನಗೇ ಮರಳುತ್ತವಂತೆ. ಹಾಗೇನಾದರೂ ಆದರೆ, ದಯವಿಟ್ಟು ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಇತಿ,
ಆಟದಲ್ಲಿ 'ಗುಬ್ಬಚ್ಚಿ' ಎಂಬ ಹೆಸರಿನ ನಿಮ್ಮ ಚಂದಾದಾರಳು