೧೧೭ಕ್ಕೆ ತೊಂಬತ್ತು ಸೆಕೆಂಡು

ಜೂನ್ ೩, ಸಂಜೆ
ಇವತ್ತೂ ಅದೇ. ಮೂವತ್ತೊಂದು ಹಳ್ಳಿಗೆ ಫ್ಲೋರೈಡ್ ತೆಗೆಯುವ ನೀರಿನ ಘಟಕ, ಮೂವತ್ತೊಂದು ಥರದ ಸಾಫ್ಟ್‌ವೇರ್. ಮೂಲ ಒಂದೇ. ನನಗಿಂತ ಮೊದಲು ಇದನ್ನು ನೋಡಿಕೊಳ್ಳುತ್ತಿದ್ದ ವಾಹೀದ ಸರ್ ಹಳ್ಳಿ ಹಳ್ಳಿಗೆ ಹೋಗಿ ಒಂದೊಂದನ್ನೂ ತಿದ್ದಿದ್ದಾರೆ. ಯಾಕೆ ಅಂತ ಎಲ್ಲೂ ಬರೆದಿಲ್ಲ. ಕೆಲಸ ಬಿಟ್ಟು ಗಂಗಾವತಿಗೆ ಹೋದರು, ರಾಡಿ ನನ್ನ ತಲೆಗೆ. ಎಲ್ಲಕ್ಕೂ ಒಂದೇ ವರ್ಷನ್ ಮಾಡು ಅಂತ ವಿರುಪಾಕ್ಷಿ ಸರ್ ಆರ್ಡರ್.

ಜೂನ್ ೫
ಯಲಬುರ್ಗಾ ಕಡೆಯ ಇಪ್ಪತ್ತೆರಡನೇ ಘಟಕ. ಕಾರ್ಡು ತೋರಿಸಿ ಹತ್ತು ಸೆಕೆಂಡಿನಲ್ಲಿ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಅವತ್ತಿನ ನೀರಿನ ಪಾಳಿ ಹೋಯಿತು — ಇದು ಎಲ್ಲರಿಗೂ. ೧೧೭ನೇ ಕಾರ್ಡಿಗೆ ಮಾತ್ರ ತೊಂಬತ್ತು. ಯಾರದೋ ವಶೀಲಿ. ಅಳಿಸಿದೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಜೂನ್ ೯
ಹೊಸ ವರ್ಷನ್ ಎಲ್ಲ ಕಡೆ ಹೋಯಿತು. ಒಂದೂ ಕಂಪ್ಲೇಂಟ್ ಇಲ್ಲ. ಸರ್ ಮಿರ್ಚಿ ತರಿಸಿದರು.

ಜುಲೈ ೨೪
ರಿಪೋರ್ಟ್ ತೆಗೆಯುವಾಗ ಕಂಡಿತು. ೧೧೭ — ಜೂನ್ ಹತ್ತರಿಂದ ನಾಲ್ಕು ದಿನ ಪಾಳಿ ರದ್ದು. ಆಮೇಲೆ ಕಾರ್ಡೇ ಬಂದಿಲ್ಲ. ವಾಹೀದ ಸರ್‌ಗೆ ಫೋನ್ ಮಾಡಿದೆ.

"ಮುದುಕವ್ವನ ಕಾರ್ಡದು. ಫ್ಲೋರೈಡ್ ನೀರು ಕುಡದು ಕುಡದು ಆಕಿ ಕೈ ಸೆಟದಾವ. ಗುಂಡಿತನಕ ಎತ್ತಾಕ ಒಂದು ನಿಮಿಷ ಬೇಕು. ನಾನ ನಿಂತು ಎಣಿಸೀನಿ."

"ಬರದಿಡಬೇಕಿತ್ತಲ್ರಿ ಸರ್."

"ಬರೀಬೇಕಿತ್ತವ್ವ. ನೀನೂ ಕೇಳಬೇಕಿತ್ತು."



ಜುಲೈ ೨೫
ವಿರುಪಾಕ್ಷಿ ಸರ್ ಒಪ್ಪಲಿಲ್ಲ. "ಒಬ್ಬಾಕಿ ಸಲುವಾಗಿ ಮತ್ತೊಂದು ವರ್ಷನ್ ಆಗಂಗಿಲ್ಲ."
ಮತ್ತೊಂದು ಬೇಡ, ಯಾವ ಕಾರ್ಡಿಗೆ ಎಷ್ಟು ಸಮಯ ಅನ್ನುವ ಸೆಟ್ಟಿಂಗ್ ಮೂಲದಲ್ಲೇ ಇಡುತ್ತೇನೆ ಅಂದೆ. ವಾದ ಮಾಡಿದೆ. ಧ್ವನಿ ಏರಿತು.
"ಆತು, ಇಡು. ದೀಪಾವಳಿಗೆ ಹೊಸ ಮಷೀನ್ ಬರ್ತಾವ. ಅದರಾಗ ಇದೆಲ್ಲ ನಡೀತೈತೋ ಇಲ್ಲೋ, ನಂಗೊತ್ತಿಲ್ಲ."

ಆಗಸ್ಟ್ ೨
ಬಸ್ಸಿನಲ್ಲಿ ಮುದುಕವ್ವನ ಊರಿಗೆ ಹೋದೆ. ಘಟಕ ನೋಡಿಕೊಳ್ಳುವ ಅಂದಪ್ಪ ಮನೆ ತೋರಿಸಿದ. "ಮತ್ತ ಬೋರಿನ ನೀರ ಕುಡ್ಯಾಕತ್ಯಾಳ್ರಿ. ನಾ ಒತ್ತತೀನಿ ಬಾ ಅಂದೆ. ನೀ ಇಲ್ಲದ ದಿನ ಯಾರನ್ನ ಕೇಳ್ಲಿ ಅಂದ್ಲು."

ಮುದುಕವ್ವ ಕಟ್ಟೆಯ ಮೇಲಿದ್ದಳು. ಕುತ್ತಿಗೆ ತಿರುಗುವುದಿಲ್ಲ, ಇಡೀ ಮೈ ತಿರುಗಿಸಿ ನೋಡಿದಳು. ತಪ್ಪು ನನ್ನದು, ಸರಿ ಮಾಡಿದ್ದೇನೆ ಅಂದೆ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಘಟಕಕ್ಕೆ ಬಂದಳು. ಕಾರ್ಡು ತೋರಿಸಿದಳು. ಕೈ ಮೇಲೇಳತೊಡಗಿತು. ಮನಸ್ಸಿನಲ್ಲೇ ಎಣಿಸಿದೆ. ಅರವತ್ತು ದಾಟಿತು... ಎಂಬತ್ತು... ಎಂಬತ್ತಾರಕ್ಕೆ ಬೆರಳು ಗುಂಡಿಗೆ ತಾಗಿತು. ನೀರು ಬಿತ್ತು.

"ಮತ್ತ ಬಂದ್ ಆಗಂಗಿಲ್ಲ, ಹೌದಿಲ್ಲವ್ವ?"

ಆಗಂಗಿಲ್ಲ ಅಂದುಬಿಟ್ಟೆ. ದೀಪಾವಳಿಗೆ ಇನ್ನು ಮೂರು ತಿಂಗಳು. ಅಷ್ಟರಲ್ಲಿ ಹೊಸ ಮಷೀನಿಗೂ ಈ ಸೆಟ್ಟಿಂಗ್ ಹಾಕಿಸಬೇಕು.